ಗರಗಸದ ಹೆಡ್ಡಿಗೆ ಮೋಟಾರು: ವಿಂಚು, ವೈಪರ್ ಮೋಟಾರು, ಗೇರ್ ಮೋಟಾರು

ಒಂದು ಬೇವಿನ ದಿಮ್ಮಿಯಿಂದ ಹದಿನೈದು ಹಲಗೆ ತೆಗೆಯಬೇಕಾದರೆ ಬ್ಯಾಂಡ್ ಗರಗಸದ ಹೆಡ್ಡನ್ನು (ಎಂಜಿನ್, ಚಕ್ರ, ಬ್ಲೇಡು ಇರುವ ಭಾಗವನ್ನು) ಮೂವತ್ತು ಸಲವಾದರೂ ಏರಿಳಿಸಬೇಕಾಗುತ್ತದೆ. ಕೊಯ್ದು ಮುಗಿದ ಮೇಲೆ ಬ್ಲೇಡನ್ನು ತುಸು ಮೇಲಕ್ಕೆತ್ತದೆ ಹೆಡ್ಡನ್ನು ಹಿಂದಕ್ಕೆ ಎಳೆದರೆ, ಬ್ಲೇಡು ಸೀಳಿನಲ್ಲಿ ಸಿಕ್ಕಿ ಚಕ್ರದಿಂದ ಕಳಚಿಕೊಳ್ಳುವ ಸಂಭವವಿದೆ. ಎಂಜಿನ್ನೂ ಸೇರಿ ಸುಮಾರು 180 ಕಿಲೋ ತೂಗುವ ಹೆಡ್ಡನ್ನು ಹ್ಯಾಂಡಲ್ಲಿನಿಂದ ತಿರುವಿ ತಿರುವಿ ಎರಡು ಬೇಸಿಗೆಗಳಲ್ಲಿ ನನ್ನ ಬಲಭುಜ ಸೋತುಹೋದ ಮೇಲೆ, ಈ ಕೆಲಸವನ್ನು ಮೋಟಾರಿಗೆ ಒಪ್ಪಿಸುವ ಯೋಚನೆ ಮಾಡಿದೆ.

ಗಂಗಾವತಿಯ ಹತ್ತಿರ ನಾನು ನಡೆಸುವ ಯಂತ್ರದಲ್ಲಿ ಹೆಡ್ಡು ಎರಡು ಆಕ್ಮೆ ಥ್ರೆಡ್ಡಿನ (ಭಾರ ಹೊರುವಂಥ ದಪ್ಪ ಹಲ್ಲಿನ) ಸ್ಕ್ರೂ ರಾಡುಗಳ ಮೇಲೆ ನಿಂತಿದೆ. ಎರಡನ್ನೂ ಒಂದು ಚೈನು ಜೋಡಿಸುತ್ತದೆ, ಒಂದು ಸುತ್ತಿಗೆ ಹೆಡ್ಡು 5 ಮಿ.ಮೀ. ಸರಿಯುತ್ತದೆ. ಕಾರಟಗಿಯ ಗೆಳೆಯರೊಬ್ಬರ ಯಂತ್ರದಲ್ಲಿ ಸ್ಕ್ರೂ ಇಲ್ಲ, ಉಕ್ಕಿನ ಹಗ್ಗವೇ ಹೆಡ್ಡನ್ನು ಹೊರುತ್ತದೆ. ಹೀಗಾಗಿ ಹಗ್ಗವನ್ನು ಡ್ರಮ್ಮಿಗೆ ಸುತ್ತಿ ಎಳೆಯುವ ವಿಂಚನ್ನು ಅವರ ಯಂತ್ರದಲ್ಲಿಯೂ, ವೈಪರ್ ಮೋಟಾರು ಮತ್ತು ಗೇರ್ ಮೋಟಾರನ್ನು ನಮ್ಮದರಲ್ಲಿಯೂ ಪರೀಕ್ಷಿಸಿದೆವು.

12 ವೋಲ್ಟಿನ ವಿಂಚಿಗೆ ಭಾರ ಒಂದು ಲೆಕ್ಕವೇ ಅಲ್ಲ. ಒಂದೂವರೆ ಟನ್ನಿನಷ್ಟನ್ನು ಎಳೆಯಬಲ್ಲ ಯಂತ್ರಕ್ಕೆ 180 ಕಿಲೋ ಯಾವ ಮೂಲೆಗೆ? ತೊಡಕಿದ್ದದ್ದು ಅದನ್ನು ಬೇಕಾದಲ್ಲಿ ನಿಲ್ಲಿಸುವುದರಲ್ಲಿ. 25 ಮಿ.ಮೀ. ಹಲಗೆಗೆ ಬ್ಲೇಡು ತಿನ್ನುವ 2 ಮಿ.ಮೀ. ಸೇರಿಸಿ ಹೆಡ್ಡನ್ನು 27 ಮಿ.ಮೀ. ಇಳಿಸಬೇಕು, ವಿಂಚಿನ ಹಗ್ಗ ಅಷ್ಟು ದೂರವನ್ನು ಅರ್ಧ ಸೆಕೆಂಡಿನಲ್ಲಿ ಬಿಟ್ಟುಬಿಡುತ್ತದೆ. ನಡುವೆ ಒಂದು ರಾಟೆ ಹಾಕಿ ವೇಗವನ್ನು ಅರ್ಧಕ್ಕೆ ಇಳಿಸಿದ ಮೇಲೂ ಬಟನ್ನನ್ನು ಮಿಟುಕಿಸಿ ಮಿಟುಕಿಸಿ ಅಂದಾಜಿನ ಮೇಲೆ ನಿಲ್ಲಿಸಬೇಕಾಯಿತು, ಮತ್ತು ಡ್ರಮ್ಮಿನ ಮೇಲೆ ಹಗ್ಗದ ಸುತ್ತು ಒಂದರ ಮೇಲೊಂದು ಏರಿದಂತೆ ವೇಗವೂ ಬದಲಾಗುತ್ತಿದ್ದುದರಿಂದ ಆ ಅಂದಾಜೂ ಕೈಗೆ ಹತ್ತಲಿಲ್ಲ. ಹತ್ತು ಹಲಗೆಗಳನ್ನು ವರ್ನಿಯರಿನಿಂದ ಅಳೆದಾಗ ದಪ್ಪದಲ್ಲಿ 3 ಮಿ.ಮೀ. ವ್ಯತ್ಯಾಸ ಕಂಡಿತು. ಇದಕ್ಕಿಂತ ಗಂಭೀರವಾದದ್ದು ಒಂದು ಮಧ್ಯಾಹ್ನ ನಡೆಯಿತು. ಹೆಡ್ಡು ಏರಿಳಿಯುವ ಕಂಬಕ್ಕೆ ಮೆತ್ತಿದ್ದ ಹಸಿ ತೊಗಟೆಯ ಅಂಟಿಗೆ ಹೆಡ್ಡು ಕಚ್ಚಿ ನಿಂತಿತ್ತು, ಹಗ್ಗ ಮಾತ್ರ ಸಡಿಲಾಗುತ್ತಿತ್ತು. ಅದನ್ನು ಗಮನಿಸದೆ ಬಟನ್ ಒತ್ತಿಕೊಂಡೇ ಇದ್ದ ನನ್ನ ಕಣ್ಣೆದುರಿಗೇ ಹೆಡ್ಡು ಎರಡು ಇಂಚು ಧಪ್ಪನೆ ಬಿದ್ದಿತು. ಸ್ಕ್ರೂ ಇದ್ದ ಕಡೆ ಹೀಗಾಗುವುದಿಲ್ಲ, ಏಕೆಂದರೆ ನಟ್ಟು ಎಲ್ಲಿರುತ್ತದೆಯೋ ಅದಕ್ಕಿಂತ ಕೆಳಗೆ ಹೆಡ್ಡು ಹೋಗಲಾರದು.

ಎರಡನೆಯದು ಗುಜರಿಯಲ್ಲಿ 1,200 ರೂಪಾಯಿಗೆ ಸಿಕ್ಕ ಲಾರಿಯ ವೈಪರ್ ಮೋಟಾರು. ಒಳಗೆ ವರ್ಮ್ ಗೇರು (ಸ್ಕ್ರೂ ಆಕಾರದ ದಂಡ ಹಲ್ಲಿನ ಚಕ್ರವನ್ನು ತಿರುಗಿಸುವ ಜೋಡಣೆ) ಇರುವುದರಿಂದ ಇದು ಭಾರಕ್ಕೆ ಹಿಂದಕ್ಕೆ ತಿರುಗುವುದಿಲ್ಲ. ಇಂಥ ಹಲವು ಮೋಟಾರುಗಳಲ್ಲಿ ನೆಗೆಟಿವ್ ತಂತಿ ಹೊರಕವಚಕ್ಕೇ ಸೇರಿರುತ್ತದೆ. ಎರಡೂ ದಿಕ್ಕಿಗೆ ತಿರುಗಿಸಬೇಕಾದರೆ ಕವಚವು ಗರಗಸದ ಚೌಕಟ್ಟಿಗೆ ತಾಗದಂತೆ ಕೆಳಗೆ ರಬ್ಬರು, ಬೋಲ್ಟಿಗೆ ಪ್ಲಾಸ್ಟಿಕ್ ವಾಷರು ಹಾಕಲೇಬೇಕು. ಇದು ತಿಳಿಯುವ ಮೊದಲು ನಾನು ಮೂರು ಫ್ಯೂಸು ಸುಟ್ಟಿದ್ದೆ. ಕೆಲಸ ಮಾತ್ರ ಅಚ್ಚುಕಟ್ಟು: ಸೆಕೆಂಡಿಗೆ 3 ಮಿ.ಮೀ.ನಷ್ಟು ನಿಧಾನವಾಗಿ ಇಳಿಯುವುದರಿಂದ ಸ್ಕೇಲಿನ ಗೆರೆಗೆ ಸರಿಯಾಗಿ ನಿಲ್ಲಿಸಬಹುದು, ಹಲಗೆಗಳ ವ್ಯತ್ಯಾಸ 1 ಮಿ.ಮೀ. ದಾಟಲಿಲ್ಲ. ಆದರೆ ಹೊಸ ದಿಮ್ಮಿ ಏರಿಸುವಾಗ ಹೆಡ್ಡನ್ನು ಅರ್ಧ ಮೀಟರ್ ಎತ್ತಲು ಮೂರು ನಿಮಿಷದ ಹತ್ತಿರ ಹಿಡಿಯುತ್ತದೆ, ಮತ್ತು ಏಪ್ರಿಲ್ ಬಿಸಿಲಿನಲ್ಲಿ ನಾಲ್ಕನೆಯ ದಿಮ್ಮಿಯ ಹೊತ್ತಿಗೆ ಮೋಟಾರನ್ನು ಮುಟ್ಟಲಾಗುತ್ತಿರಲಿಲ್ಲ.

ಕೊನೆಗೆ ಉಳಿಸಿಕೊಂಡದ್ದು 12 ವೋಲ್ಟ್, 250 ವ್ಯಾಟಿನ ವರ್ಮ್ ಗೇರ್ ಮೋಟಾರು. ಕೊಂಡಾಗ ಬೆಲೆ ಸುಮಾರು 9,000 ರೂಪಾಯಿ. ಸ್ಪ್ರಾಕೆಟ್ಟು ಮತ್ತು ಚೈನು ಗಂಗಾವತಿಯ ಅಕ್ಕಿ ಗಿರಣಿಯೊಂದರ ಹಳೆಯ ಸಾಮಾನಿನಲ್ಲಿ ಸಿಕ್ಕವು. ಸೆಕೆಂಡಿಗೆ 8 ಮಿ.ಮೀ. ವೇಗವೆಂದರೆ ಅರ್ಧ ಮೀಟರಿಗೆ ಒಂದು ನಿಮಿಷ, ಒಂದು ಹಲಗೆಗೆ ಮೂರೂವರೆ ಸೆಕೆಂಡು. ಮೊದಮೊದಲು ಬಟನ್ ಬಿಟ್ಟ ಮೇಲೂ ಮೋಟಾರು ತುಸು ಜಾರಿ ನಿಲ್ಲುತ್ತಿತ್ತು. ಅದಕ್ಕೆ ವಾಹನಗಳಲ್ಲಿ ಬಳಸುವ ಐದು ಪಿನ್ನಿನ ಎರಡು ರಿಲೇ (ಬಟನ್ನಿನ ಸಣ್ಣ ಕರೆಂಟಿನಿಂದ ಮೋಟಾರಿನ ದೊಡ್ಡ ಕರೆಂಟನ್ನು ಬದಲಿಸುವ ಸ್ವಿಚ್ಚು) ಹಾಕಿದೆ: ಎರಡರ 30ನೆಯ ಪಿನ್ನೂ ಮೋಟಾರಿಗೆ, 87 ಪಾಸಿಟಿವ್‌ಗೆ, 87ಎ ನೆಗೆಟಿವ್‌ಗೆ. ಬಟನ್ ಒತ್ತಿದಾಗ 30ನೆಯ ಪಿನ್ನು 87ಕ್ಕೂ, ಬಿಟ್ಟಾಗ 87ಎಗೂ ಕೂಡುತ್ತದೆ. ಬಟನ್ ಬಿಟ್ಟ ಕೂಡಲೇ ಮೋಟಾರಿನ ಎರಡೂ ತುದಿಗಳು ನೆಗೆಟಿವ್‌ನಲ್ಲಿ ಒಂದಾಗುವುದರಿಂದ, ತಿರುಗುತ್ತಿರುವ ಮೋಟಾರು ತಾನೇ ಹುಟ್ಟಿಸಿದ ವಿದ್ಯುತ್ತಿನಿಂದ ತನಗೇ ಬ್ರೇಕು ಹಾಕಿಕೊಂಡು ಗಕ್ಕನೆ ನಿಲ್ಲುತ್ತದೆ. ಈಗ ವ್ಯತ್ಯಾಸ ಅರ್ಧ ಮಿ.ಮೀ.ನೊಳಗಿದೆ. ಹೆಡ್ಡು ಮೇಲಿನ ತುದಿ ಮುಟ್ಟಿದಾಗ ಕರೆಂಟು ಕಡಿಯುವ ಲಿಮಿಟ್ ಸ್ವಿಚ್ಚನ್ನು, ಹೆಡ್ಡನ್ನು ಏರಿಸುವ ರಿಲೇಯ ಕಾಯಿಲ್ ತಂತಿಯಲ್ಲಿ ಮಾತ್ರ ಕೂರಿಸಿರುವುದರಿಂದ, ತುದಿ ಮುಟ್ಟಿ ನಿಂತ ಹೆಡ್ಡನ್ನು ಇಳಿಸಲು ಅಡ್ಡಿಯಿಲ್ಲ.

ಮೋಟಾರಿನಿಂದ ದಂಡವನ್ನು ಚಾಚಿ ತಳ್ಳುವ ಲೀನಿಯರ್ ಆಕ್ಚುಯೇಟರನ್ನೂ ಒಂದು ದಿನ ಕಟ್ಟಿ ನೋಡಿದೆ. ಒಂದು ಅಡಿಯಷ್ಟೇ ಚಾಚುವ, ಒಂದೇ ಬದಿಯಿಂದ ತಳ್ಳಿ ಹೆಡ್ಡನ್ನು ಓರೆಮಾಡುವ ಆ ಸಾಧನವನ್ನು ಸಂಜೆಯೊಳಗೇ ಬಿಚ್ಚಿದೆ.

ಮೋಟಾರು ಯಾವುದೇ ಇರಲಿ, ಅಳತೆಗೆ ಯಾವಾಗಲೂ ಮೇಲಿನಿಂದ ಇಳಿದೇ ಬರಬೇಕು. ಗೆರೆ ದಾಟಿ ಇಳಿದರೆ 10 ಮಿ.ಮೀ. ಎತ್ತಿ ಮತ್ತೆ ಇಳಿಸುತ್ತೇನೆ; ಇಲ್ಲವಾದರೆ ಕಂಬದ ಬಿಗಿತ ಒಮ್ಮೆ ಮೇಲಕ್ಕೂ ಒಮ್ಮೆ ಕೆಳಕ್ಕೂ ಹಿಡಿದು ಅಳತೆ ಕೆಡಿಸುತ್ತದೆ. ಚೈನು ಒಂದು ಹಲ್ಲು ಹಾರಿದರೂ, 15 ಹಲ್ಲಿನ ಸ್ಪ್ರಾಕೆಟ್ಟಿನಲ್ಲಿ ಒಂದು ಬದಿ ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟು ತಗ್ಗುತ್ತದೆ. ಆದ್ದರಿಂದ ವಾರಕ್ಕೊಮ್ಮೆ ಎರಡೂ ಬದಿ ಅಳೆಯುವುದನ್ನು ತಪ್ಪಿಸುವುದಿಲ್ಲ.

ಕಾರಟಗಿಯವರು ತಮ್ಮ ಯಂತ್ರಕ್ಕೂ ಸ್ಕ್ರೂ ಹಾಕಿಸುತ್ತಿದ್ದಾರೆ. ಬಿಚ್ಚಿದ ವಿಂಚನ್ನು ಹುಣಸೆ ದಿಮ್ಮಿಗಳನ್ನು ಗರಗಸದ ಹಾಸಿನ ಮೇಲಕ್ಕೆ ಎಳೆಯಲು ಇಟ್ಟುಕೊಂಡಿದ್ದಾರೆ, ಮತ್ತು ಆ ಕೆಲಸದಲ್ಲಿ ಅದರ ಮೇಲೆ ನನ್ನ ತಕರಾರು ಏನೂ ಇಲ್ಲ.