ಪೆನ್‌ಡ್ರೈವ್‌ನ ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿದ್ದರೆ ಫಾರ್ಮ್ಯಾಟ್ ಮಾಡಿಸಬೇಡಿ

ಪೆನ್‌ಡ್ರೈವ್ ತೆರೆದಾಗ ಒಳಗಿನ ಫೋಲ್ಡರುಗಳ ಚಿತ್ರದ ಮೂಲೆಯಲ್ಲಿ ಸಣ್ಣ ಬಾಣದ ಗುರುತು ಕಾಣಿಸಿಕೊಂಡರೆ ಅವುಗಳ ಮೇಲೆ ಡಬಲ್ ಕ್ಲಿಕ್ ಮಾಡಬೇಡಿ. ಕಂಪ್ಯೂಟರ್ ರಿಪೇರಿ ಅಂಗಡಿಯವರು ಎಷ್ಟೇ ಧೈರ್ಯವಾಗಿ ಹೇಳಿದರೂ ಫಾರ್ಮ್ಯಾಟ್ ಮಾಡುವುದಕ್ಕೆ, ಅಂದರೆ ಪೂರ್ತಿ ಅಳಿಸಿ ಖಾಲಿ ಮಾಡುವುದಕ್ಕೆ, ಒಪ್ಪಬೇಡಿ. ಉಡುಪಿ ಸಮೀಪದ ನಮ್ಮ ಊರಿನ ದೇವಸ್ಥಾನದ ಬ್ರಹ್ಮಕಲಶೋತ್ಸವದ ಸ್ಮರಣ ಸಂಚಿಕೆಗೆ ಒದಗಿದ ಗತಿ ಬೇರೆಯವರಿಗೆ ಬಾರದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನಮ್ಮ ಕಡೆ ಸ್ಮರಣ ಸಂಚಿಕೆಯ ಕೆಲಸ ಹೇಗೆ ನಡೆಯುತ್ತದೆಂದು ಬಲ್ಲವರಿಗೆ ಪೆನ್‌ಡ್ರೈವ್‌ನ ಸಂಚಾರವನ್ನು ವಿವರಿಸಬೇಕಾಗಿಲ್ಲ. ಲೇಖನಗಳು, ದಾನಿಗಳ ಭಾವಚಿತ್ರಗಳು, ಹಿಂದಿನ ಉತ್ಸವದ ಹೊರೆಕಾಣಿಕೆ ಮೆರವಣಿಗೆಯ ಫೋಟೋಗಳು ಎಲ್ಲವೂ ಒಂದೇ ಪೆನ್‌ಡ್ರೈವ್‌ನಲ್ಲಿ ಸೇರಿ, ಅದು ಸಮಿತಿಯವರ ಮನೆಯಿಂದ ಡಿಟಿಪಿ ಅಂಗಡಿಗೆ, ಅಲ್ಲಿಂದ ಮುದ್ರಣಾಲಯಕ್ಕೆ, ನಡುವೆ ಯಾವುದಾದರೊಂದು ಜೆರಾಕ್ಸ್ ಅಂಗಡಿಗೆ ಓಡಾಡುತ್ತಿರುತ್ತದೆ. ಜಾಹೀರಾತಿನ ದರಪಟ್ಟಿಯ ಪ್ರಿಂಟ್ ತೆಗೆಸಲು ನಮ್ಮ ಪೆನ್‌ಡ್ರೈವ್ ಕಾಲೇಜು ಮಕ್ಕಳ ನೂಕುನುಗ್ಗಲಿರುವ ಒಂದು ಜೆರಾಕ್ಸ್ ಅಂಗಡಿಗೆ ಹೋಗಿ ಬಂದ ಮೇಲೆ ಫೋಲ್ಡರುಗಳಿಗೆ ಬಾಣದ ಗುರುತು ಬಂತು. ಡಿಟಿಪಿ ಅಂಗಡಿಯವರಿಗೆ ಅದನ್ನು ತೋರಿಸಿದಾಗ, "ಎಂತ ಆಗುದಿಲ್ಲ ಮಾರಾಯ್ರೆ, ಇಲ್ಲಿಗೆ ಬರುವ ಎಲ್ಲರದ್ದೂ ಹಾಗೇ ಇರ್ತದೆ, ಓಪನ್ ಆಗ್ತದಲ್ಲ" ಎಂದರು. ಹೌದು, ಓಪನ್ ಆಗುತ್ತಿತ್ತು. ಬಾಣದ ಗುರುತು ತರುವ ಈ ವರ್ಮ್, ಅಂದರೆ ತನ್ನನ್ನು ತಾನೇ ನಕಲು ಮಾಡಿಕೊಂಡು ಹರಡುವ ದುಷ್ಟ ಪ್ರೋಗ್ರಾಂ, ಬದುಕಿರುವುದೇ ಆ ಒಂದು ಕಾರಣದಿಂದ.

ಅದು ಮಾಡುವುದಿಷ್ಟು. ಪೆನ್‌ಡ್ರೈವ್‌ನಲ್ಲಿರುವ ನಿಜವಾದ ಫೋಲ್ಡರುಗಳಿಗೆ 'ಹಿಡನ್' ಮತ್ತು 'ಸಿಸ್ಟಮ್' ಎಂಬ ಎರಡು ಗುಣಗಳನ್ನು ಅಂಟಿಸಿ ಕಣ್ಣಿಗೆ ಕಾಣದಂತೆ ಮಾಡುತ್ತದೆ, ಮತ್ತು ಅದೇ ಹೆಸರಿನ, ಅದೇ ಹಳದಿ ಚಿತ್ರದ, ಮೂಲೆಯಲ್ಲಿ ಬಾಣವಿರುವ ಶಾರ್ಟ್‌ಕಟ್ (ಬೇರೊಂದನ್ನು ತೆರೆಯುವ ಕೊಂಡಿ) ಫೈಲುಗಳನ್ನು ಅವುಗಳ ಜಾಗದಲ್ಲಿ ಇಡುತ್ತದೆ. ನಾವು ಫೋಲ್ಡರೆಂದು ಭಾವಿಸಿ ಶಾರ್ಟ್‌ಕಟ್ ಒತ್ತಿದಾಗ ಅದು ಮೊದಲು ತನ್ನ ಸ್ಕ್ರಿಪ್ಟನ್ನು (ಆದೇಶಗಳ ಸಣ್ಣ ಪ್ರೋಗ್ರಾಂ) ಕಂಪ್ಯೂಟರಿನಲ್ಲಿ ಓಡಿಸಿ, ಆಮೇಲೆ ಬಚ್ಚಿಟ್ಟ ಫೋಲ್ಡರನ್ನು ಏನೂ ಆಗಿಲ್ಲವೆಂಬಂತೆ ತೆರೆದು ತೋರಿಸುತ್ತದೆ. ಕೆಲವು ಜಾತಿಯ ವರ್ಮ್‌ಗಳು ಎಲ್ಲ ಫೈಲುಗಳನ್ನೂ ಹೆಸರೇ ಇಲ್ಲದಂತೆ ಕಾಣುವ ಒಂದು ಫೋಲ್ಡರಿನೊಳಗೆ ತುಂಬಿ, ಪೆನ್‌ಡ್ರೈವ್‌ನ ಹೆಸರಿನ ಒಂದೇ ಒಂದು ಶಾರ್ಟ್‌ಕಟ್ಟನ್ನು ಹೊರಗೆ ಬಿಡುತ್ತವೆ. ಎರಡರಲ್ಲಿಯೂ ಫೈಲುಗಳು ಸಾಮಾನ್ಯವಾಗಿ ಅಳಿದಿರುವುದಿಲ್ಲ. ನಮ್ಮದರ ಪ್ರಾಪರ್ಟೀಸ್ ತೆರೆದಾಗ ಕಾಣುತ್ತಿದ್ದ ಶಾರ್ಟ್‌ಕಟ್‌ಗಳು ಒಂದೊಂದೂ ಒಂದೆರಡು ಕೆಬಿ ಮಾತ್ರ ಇದ್ದವು, ಆದರೆ ಡ್ರೈವ್‌ನ ಜಾಗ ಅರ್ಧಕ್ಕೂ ಹೆಚ್ಚು ತುಂಬಿತ್ತು. ಶಾರ್ಟ್‌ಕಟ್‌ನ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ನಲ್ಲಿ 'ಟಾರ್ಗೆಟ್' ಎಂಬ ಸಾಲನ್ನು ಓದಿದರೆ, ಫೋಲ್ಡರಿನ ವಿಳಾಸ ಇರಬೇಕಾದಲ್ಲಿ ಕಮಾಂಡ್ ಪ್ರಾಂಪ್ಟಿನ (ಆದೇಶಗಳನ್ನು ಟೈಪ್ ಮಾಡುವ ಕಿಟಕಿ) ಹೆಸರೂ ಅದರ ಬೆನ್ನಿಗೆ ಸ್ಕ್ರಿಪ್ಟ್ ಓಡಿಸುವ ವಿಂಡೋಸ್ ಪ್ರೋಗ್ರಾಂ 'ಡಬ್ಲ್ಯು ಸ್ಕ್ರಿಪ್ಟ್' ಎಂಬುದೂ ಇತ್ತು. ಫೋಲ್ಡರಿಗೆ ಕಮಾಂಡ್ ಪ್ರಾಂಪ್ಟಿನ ಹಂಗು ಏಕೆ?

ನಮ್ಮ ನಷ್ಟ ಆದದ್ದು ವರ್ಮ್‌ನಿಂದಲ್ಲ, ಅದರ ನಂತರದ ಚಿಕಿತ್ಸೆಯಿಂದ. ಕೋಶಾಧಿಕಾರಿಗಳ ಲ್ಯಾಪ್‌ಟಾಪ್‌ಗೆ ಪೆನ್‌ಡ್ರೈವ್ ಚುಚ್ಚಿದಾಗ ಅಲ್ಲಿದ್ದ ಆ್ಯಂಟಿವೈರಸ್ ತನ್ನ ಕೆಲಸ ಮಾಡಿ ಸ್ಕ್ರಿಪ್ಟನ್ನೂ ಶಾರ್ಟ್‌ಕಟ್‌ಗಳನ್ನೂ ಅಳಿಸಿಹಾಕಿತು, ಆದರೆ ಬಚ್ಚಿಟ್ಟ ಫೋಲ್ಡರುಗಳನ್ನು ಹೊರಗೆ ತರಲಿಲ್ಲ. ಹಲವು ಆ್ಯಂಟಿವೈರಸ್‌ಗಳು ಇಷ್ಟಕ್ಕೇ ನಿಲ್ಲುತ್ತವೆ. ಪರದೆಯ ಮೇಲೆ ಪೆನ್‌ಡ್ರೈವ್ ಖಾಲಿ. ಗಾಬರಿಯಾದ ಅವರು ಅದನ್ನು ಪೇಟೆಯ ಒಂದು ರಿಪೇರಿ ಅಂಗಡಿಗೆ ಒಯ್ದರು. ಅಲ್ಲಿನವರು "ಡೇಟಾ ಪೂರಾ ಹೋಗಿದೆ, ಫಾರ್ಮ್ಯಾಟ್ ಮಾಡಿ ರಿಕವರಿ ಮಾಡಬೇಕು" ಎಂದು ಹಣ ಪಡೆದು ಹಾಗೆಯೇ ಮಾಡಿದರು. ಕಣ್ಣಿಗೆ ಕಾಣದೆ ಅಲ್ಲಿಯೇ ಕುಳಿತಿದ್ದ ಫೈಲುಗಳನ್ನು ಮೊದಲು ನಿಜವಾಗಿ ಅಳಿಸಿ, ಆಮೇಲೆ ಅವುಗಳ ತುಣುಕುಗಳನ್ನು ಹೆಕ್ಕಿ ಕೊಟ್ಟದ್ದಕ್ಕೆ ನಾವು ದುಡ್ಡು ತೆತ್ತೆವು.

ಅವರು ಬಳಸಿದ ಸಾಫ್ಟ್‌ವೇರ್ ಫೈಲಿನ ಬಗೆಯನ್ನು ನೋಡಿ ಎತ್ತಿತೇ ಹೊರತು ಹೆಸರನ್ನು ಉಳಿಸಲಿಲ್ಲ. ದಾನಿಗಳ ಭಾವಚಿತ್ರಗಳನ್ನು ನಾವು ಅವರ ಹೆಸರು ಮತ್ತು ಮನೆತನದ ಹೆಸರಿನಿಂದಲೇ ಉಳಿಸಿದ್ದೆವು. ಯಾರ ಮುಖ ಯಾರದೆಂದು ತಿಳಿಯಲು ಬೇರೆ ದಾಖಲೆ ಇರಲಿಲ್ಲ. ಮರಳಿ ಬಂದವು ಬರೀ ಅಂಕಿಗಳ ಹೆಸರಿನವು. ಊರಿನ ಹಿರಿಯರೊಬ್ಬರನ್ನು ಕೂರಿಸಿಕೊಂಡು ಒಂದೊಂದೇ ಮುಖ ತೋರಿಸಿ ಕೇಳುವ ಕೆಲಸ ಸಂಜೆಗಳನ್ನು ತಿಂದಿತು, ಮುಂಬೈಯಲ್ಲಿ ನೆಲೆಸಿದ ಕೆಲವು ದಾನಿಗಳಿಗೆ ಸಂಕೋಚದಿಂದಲೇ ಮತ್ತೆ ಫೋಟೋ ಕಳುಹಿಸಿ ಎನ್ನಬೇಕಾಯಿತು. ಆ ಹೊತ್ತಿಗೆ ಡಿಟಿಪಿ ಅಂಗಡಿಯ ಕಂಪ್ಯೂಟರಿಗೆ ಅದೇ ಪೆನ್‌ಡ್ರೈವ್ ಚುಚ್ಚಿದ್ದೇ ತಡ, ಬಾಣದ ಗುರುತು ಮತ್ತೆ ಪ್ರತ್ಯಕ್ಷವಾಯಿತು.

ಆದ್ದರಿಂದ ಕ್ರಮ ಮುಖ್ಯ: ಮೊದಲು ಕಂಪ್ಯೂಟರ್, ಆಮೇಲೆ ಪೆನ್‌ಡ್ರೈವ್. ಸೋಂಕಿರುವ ಕಂಪ್ಯೂಟರಿನಲ್ಲಿ ಸ್ಕ್ರಿಪ್ಟ್ ಹಿನ್ನೆಲೆಯಲ್ಲಿ ಓಡುತ್ತಲೇ ಇದ್ದು ಹೊಸ ಡ್ರೈವ್ ಬಂದಿದೆಯೇ ಎಂದು ಕಾಯುತ್ತಿರುತ್ತದೆ. ಅದು ಓಡುತ್ತಿರುವಾಗ ಪೆನ್‌ಡ್ರೈವನ್ನು ಎಷ್ಟು ಸಲ ತೊಳೆದರೂ ಪ್ರಯೋಜನವಿಲ್ಲ. ಎಲ್ಲ ಪೆನ್‌ಡ್ರೈವ್‌ಗಳನ್ನು ತೆಗೆದು, ಇಂಟರ್ನೆಟ್ ಕಡಿದು, ಓಡುತ್ತಿರುವ ಪ್ರೋಗ್ರಾಂಗಳನ್ನು ತೋರಿಸುವ ಟಾಸ್ಕ್ ಮ್ಯಾನೇಜರಿನಲ್ಲಿ ವಿಂಡೋಸ್ ಸ್ಕ್ರಿಪ್ಟ್ ಹೋಸ್ಟ್ (ಅದೇ ಡಬ್ಲ್ಯು ಸ್ಕ್ರಿಪ್ಟ್) ಎಂಬ ಹೆಸರು ಕಂಡರೆ ಅದನ್ನು ನಿಲ್ಲಿಸಿ. ಬಳಿಕ ಸ್ಟಾರ್ಟಪ್ ಪಟ್ಟಿಯನ್ನೂ ಟಾಸ್ಕ್ ಶೆಡ್ಯೂಲರನ್ನೂ ನೋಡಿ. ಕಂಪ್ಯೂಟರ್ ಆನ್ ಆದಾಗಲೆಲ್ಲ ತಾನೂ ಏಳುವಂತೆ ವರ್ಮ್ ಹೆಚ್ಚಾಗಿ ಅಲ್ಲಿಯೇ ಹೆಸರು ನೋಂದಾಯಿಸಿರುತ್ತದೆ. ಕೊನೆಗೆ ವಿಂಡೋಸ್ 10 ಅಥವಾ 11 ಆದರೆ ಅದರಲ್ಲೇ ಇರುವ ಆ್ಯಂಟಿವೈರಸ್ ಡಿಫೆಂಡರಿನ ಆಫ್‌ಲೈನ್ ಸ್ಕ್ಯಾನ್ ಮಾಡಿಸಿ. ಅದು ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿ ವಿಂಡೋಸ್ ಪೂರ್ತಿ ಏಳುವ ಮೊದಲೇ ಹುಡುಕುವುದರಿಂದ ವರ್ಮ್‌ಗೆ ಅಡಗಲು ಅವಕಾಶ ಸಿಗುವುದಿಲ್ಲ, ಸಾಮಾನ್ಯವಾಗಿ 15 ನಿಮಿಷದ ಕೆಲಸ.

ಕಂಪ್ಯೂಟರ್ ಶುದ್ಧವಾದ ಮೇಲೆ ಪೆನ್‌ಡ್ರೈವ್ ಚುಚ್ಚಿ, ಯಾವುದನ್ನೂ ತೆರೆಯದೆ, ಅದರ ಮೇಲೆ ರೈಟ್ ಕ್ಲಿಕ್ ಮಾಡಿ ಸ್ಕ್ಯಾನ್ ಮಾಡಿಸಿ. ಫೈಲುಗಳನ್ನು ಹೊರಗೆ ತರಲು ಫೋಲ್ಡರ್ ಆಪ್ಷನ್ಸ್‌ನಲ್ಲಿ ಹಿಡನ್ ಫೈಲ್ ತೋರಿಸು ಎಂದರೆ ಸಾಲದು. ಸಿಸ್ಟಮ್ ಗುಣವೂ ಅಂಟಿರುವುದರಿಂದ, ರಕ್ಷಿತ ಆಪರೇಟಿಂಗ್ ಸಿಸ್ಟಮ್ ಫೈಲುಗಳನ್ನು ಮರೆಮಾಡುವ ಗುರುತನ್ನೂ ತೆಗೆಯಬೇಕು. ಆಗ ಫೋಲ್ಡರುಗಳು ಮಸುಕಾಗಿ ಕಾಣುತ್ತವೆ. ಗುಣಗಳನ್ನು ಶಾಶ್ವತವಾಗಿ ಕಳಚಲು ಕಮಾಂಡ್ ಪ್ರಾಂಪ್ಟಿನಲ್ಲಿ ಪೆನ್‌ಡ್ರೈವ್‌ಗೆ ಕಂಪ್ಯೂಟರ್ ಕೊಟ್ಟ ಅಕ್ಷರಕ್ಕೆ (E: ಇತ್ಯಾದಿ) ಹೋಗಿ 'ಅಟ್ರಿಬ್' ಆದೇಶವನ್ನು ಮೈನಸ್ ಎಚ್, ಮೈನಸ್ ಎಸ್, ಮೈನಸ್ ಆರ್ ಜೊತೆಗೆ, ಕೊನೆಯಲ್ಲಿ ಓರೆಗೆರೆ ಎಸ್ ಮತ್ತು ಓರೆಗೆರೆ ಡಿ ಸೇರಿಸಿ (attrib -h -s -r /s /d) ಕೊಡಬೇಕು. ಒಂದೊಂದರ ನಡುವೆಯೂ ಸ್ಪೇಸ್ ಇರಲಿ. ನಿಮ್ಮ ಫೈಲುಗಳನ್ನು ಬೇರೆ ಕಡೆ ನಕಲು ಮಾಡಿಕೊಂಡು, ಅವು ಸರಿಯಾಗಿ ತೆರೆಯುತ್ತವೆಂದು ಖಾತ್ರಿಯಾದ ಮೇಲೆ ಬೇಕಾದರೆ ಫಾರ್ಮ್ಯಾಟ್ ಮಾಡಿ.

ಇಂಥ ವರ್ಮ್‌ಗಳು ಹೊಸವೇನಲ್ಲ. 2008ರ ಕಾನ್‌ಫಿಕರ್ ಎಂಬ ವರ್ಮ್ ಪೆನ್‌ಡ್ರೈವ್ ಚುಚ್ಚಿದೊಡನೆ ಪ್ರೋಗ್ರಾಂ ತಾನಾಗಿ ಓಡುವ ಆಟೋರನ್ ಸೌಲಭ್ಯವನ್ನೂ ಬಳಸಿ ಲಕ್ಷಗಟ್ಟಲೆ ಕಂಪ್ಯೂಟರುಗಳಿಗೆ ಹಬ್ಬಿತ್ತು. ವಿಂಡೋಸ್ 7ರಲ್ಲಿ ಪೆನ್‌ಡ್ರೈವ್‌ಗಳಿಗೆ ಆಟೋರನ್ ನಿಂತಿತು, 2011ರಲ್ಲಿ ಎಕ್ಸ್‌ಪಿಗೂ ವಿಸ್ತಾಗೂ ಅದೇ ತಿದ್ದುಪಡಿ ಬಂತು. ತಾನಾಗಿ ಓಡುವ ದಾರಿ ಮುಚ್ಚಿದ್ದರಿಂದಲೇ ನಮ್ಮ ಕೈಯಿಂದ ಒತ್ತಿಸಿಕೊಳ್ಳುವ ಈ ಶಾರ್ಟ್‌ಕಟ್ ಉಪಾಯ ಹೆಚ್ಚಿತು. ಡಿಟಿಪಿ ಅಂಗಡಿಗಳಲ್ಲಿ ಇದು ಬೇರೂರಲು ಇನ್ನೊಂದು ಕಾರಣವನ್ನು ನಾನು ಕಂಡಿದ್ದೇನೆ: ಪುಟ ವಿನ್ಯಾಸದ ಹಳೆಯ ಪೇಜ್‌ಮೇಕರ್ ತಂತ್ರಾಂಶ ಮತ್ತು ಹಳೆಯ ನುಡಿ ಅಕ್ಷರಗಳಿಗೆ ಒಗ್ಗಿಹೋದ ಕೆಲಸವೆಂದು ವಿಂಡೋಸ್ 7ರ ಕಂಪ್ಯೂಟರನ್ನೇ ಇಟ್ಟುಕೊಂಡಿರುತ್ತಾರೆ, ಅದಕ್ಕೆ ಮೈಕ್ರೋಸಾಫ್ಟ್ ಬೆಂಬಲ 2020ರ ಜನವರಿ 14ಕ್ಕೇ ಮುಗಿದಿದೆ. ಅವರ ಕಷ್ಟ ಅರ್ಥವಾಗುತ್ತದೆ, ಆದರೆ "ಎಲ್ಲರದ್ದೂ ಹಾಗೇ" ಎಂಬ ಮಾತನ್ನು ಒಪ್ಪಲಾಗುವುದಿಲ್ಲ.

ನಾವೀಗ ಅಂಗಡಿಗೆ ಪ್ರಿಂಟಿಗೆಂದು ಬೇರೆಯೇ ಒಂದು ಪೆನ್‌ಡ್ರೈವ್ ಇಟ್ಟಿದ್ದೇವೆ. ಅದರಲ್ಲಿ ಆ ಹೊತ್ತಿನ ಪಿಡಿಎಫ್ ಬಿಟ್ಟು ಇನ್ನೇನೂ ಇರುವುದಿಲ್ಲ, ಆದ್ದರಿಂದ ಮರಳಿ ಬಂದಾಗ ಅದನ್ನು ಕಣ್ಣುಮುಚ್ಚಿ ಫಾರ್ಮ್ಯಾಟ್ ಮಾಡಬಹುದು. ಸಾಧ್ಯವಾದಲ್ಲಿ ಇ-ಮೇಲ್‌ನಲ್ಲಿಯೇ ಕಳುಹಿಸುತ್ತೇವೆ. ಮದುವೆ, ಉಪನಯನದ ಫೋಟೋಗಳನ್ನು ಕ್ಯಾಮೆರಾದ ಕಾರ್ಡಿನಲ್ಲಿಯೇ ಸ್ಟುಡಿಯೋಗೆ ಕೊಡುವವರು ಪೆನ್‌ಡ್ರೈವ್‌ಗೆ ಹೇಳಿದ ಎಲ್ಲವೂ ಆ ಕಾರ್ಡಿಗೂ ಅನ್ವಯಿಸುತ್ತದೆಂದು ತಿಳಿದಿರಲಿ.

ಶಾರ್ಟ್‌ಕಟ್ ಒತ್ತಿಯಾಗಿದ್ದ ಕಂಪ್ಯೂಟರಿನಲ್ಲಿ ನೆಟ್ ಬ್ಯಾಂಕಿಂಗ್ ಮಾಡುವವರಿದ್ದರೆ, ಇದನ್ನು ಬರೀ ಫೋಲ್ಡರ್ ಮಾಯವಾಗುವ ತರಲೆ ಎಂದು ಬಿಡಬೇಡಿ. ಈ ಬಗೆಯ ಕೆಲವು ಸ್ಕ್ರಿಪ್ಟ್‌ಗಳು ದೂರದಲ್ಲಿರುವವರಿಗೆ ಕಂಪ್ಯೂಟರಿನ ಹಿಂಬಾಗಿಲು ತೆರೆದುಕೊಡುತ್ತವೆ. ಬೇರೆ ಶುದ್ಧ ಕಂಪ್ಯೂಟರಿನಿಂದ ಪಾಸ್‌ವರ್ಡ್‌ಗಳನ್ನು ಬದಲಿಸಿ. ಖಾತೆಯಿಂದ ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಕೇಂದ್ರ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರವು 2017ರಿಂದ ಸೋಂಕು ತೆಗೆಯುವ ಸಾಧನಗಳನ್ನು ಉಚಿತವಾಗಿ ಒದಗಿಸುತ್ತಿದೆ. ಯಾವ ಪೆನ್‌ಡ್ರೈವ್‌ಗೆ ಕಂಪ್ಯೂಟರಿನಲ್ಲಿ ಪ್ರವೇಶ ಕೊಡಬೇಕೆಂದು ನಿಯಂತ್ರಿಸಲು ಸರ್ಕಾರಿ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿಡ್ಯಾಕ್ ಸಿದ್ಧಪಡಿಸಿದ ಯುಎಸ್‌ಬಿ ಪ್ರತಿರೋಧ್ ತಂತ್ರಾಂಶ ಕೂಡ ಅಲ್ಲಿ ಸಿಗುತ್ತದೆ; ಹತ್ತಾರು ಜನರ ಪೆನ್‌ಡ್ರೈವ್ ಬಂದು ಹೋಗುವ ಸಂಘ, ಸೊಸೈಟಿ, ಶಾಲೆಯ ಕಚೇರಿಗಳಲ್ಲಿ ಅದನ್ನು ಹಾಕಿಸಿಕೊಳ್ಳಬಹುದು.