ಹಿಂಗಾರಿಗೆ ಜೋಳವೋ, ಕಡಲೆಯೋ?

ವಿಜಯಪುರದ ಎರೆ (ಕಪ್ಪು ಮಣ್ಣಿನ) ಹೊಲದಲ್ಲಿ ಹಿಂಗಾರಿ ಬೆಳೆ ನಿಲ್ಲುವುದು ನೆಲ ಹಿಡಿದಿಟ್ಟ ತೇವದ ಮೇಲೆ. ಕಾಳು ಕಟ್ಟುವ ಹೊತ್ತಿಗೇ ಅದು ಆರುತ್ತದೆ. ಜೋಳವೂ ಕಡಲೆಯೂ ಇದನ್ನು ತಾಳುತ್ತವೆ. ತಾಳುವ ಬಗೆ ಬೇರೆ.

ಜೋಳದ್ದು ಉಳಿತಾಯ. ಇಥಿಯೋಪಿಯ ಮೂಲದ ಬಿ-35 ತಳಿಯಲ್ಲಿ ಎಲೆ ಹಸಿರಾಗಿಯೇ ಉಳಿಯುವ ಗುಣ (ಸ್ಟೇ-ಗ್ರೀನ್) ತರುವ, ಎಸ್‌ಟಿಜಿ 1ರಿಂದ 4ರವರೆಗಿನ ನಾಲ್ಕು ವರ್ಣತಂತು ಭಾಗಗಳನ್ನು ವಿಜ್ಞಾನಿಗಳು ಗುರುತಿಸಿದ್ದಾರೆ. ಇವುಗಳಿಂದ ತೆಂಡೆ (ಬುಡದಿಂದ ಒಡೆಯುವ ಕವಲು) ಕಡಿಮೆಯಾಗುತ್ತದೆ, ಮೇಲಿನ ಎಲೆಗಳು ಚಿಕ್ಕದಾಗುತ್ತವೆ. ಹೂಬಿಡುವ ಮೊದಲು ಖರ್ಚಾಗದೆ ಉಳಿದ ನೀರು ಕಾಳು ತುಂಬಲು ಒದಗುತ್ತದೆ. ಅಕ್ಕಪಕ್ಕದ ಗಿಡಗಳು ಬಣ್ಣಗೆಟ್ಟಾಗಲೂ ಇದರ ಎಲೆ ಹಸಿರಾಗಿರುತ್ತದೆ, ದಂಟು ಸುಲಭಕ್ಕೆ ಬೀಳುವುದಿಲ್ಲ. ಹಸಿರು ಉಳಿದ ಸೊಪ್ಪೆ ದನಗಳಿಗೆ ಎಷ್ಟು ಮೇಲು ಎಂದು ಹೈನು ಇರುವವರಿಗೆ ಹೇಳಬೇಕಿಲ್ಲ.

ಕಡಲೆಯದು ಹುಡುಕಾಟ, ಜೊತೆಗೆ ಅವಸರ. ಐಸಿಸಿ 4958 ತಳಿಯ ಬೇರು ದೊಡ್ಡದು. ಆ ಗುಣಕ್ಕೆ ಕಾರಣವಾದ ಹಲವು ಅಂಶಗಳು ನಾಲ್ಕನೆಯ ವರ್ಣತಂತುವಿನ ಒಂದೇ ತಾಣದಲ್ಲಿ ಗುಂಪುಗೂಡಿವೆ. ಆ ತಾಣವನ್ನು ಸೇರಿಸಿದ ಪೂಸಾ 10216 ತಳಿ 2019ರಲ್ಲಿ ಬಂತು, ಆದರೆ ಶಿಫಾರಸು ಮಧ್ಯ ಭಾರತಕ್ಕೆ. ನಮ್ಮಲ್ಲಿ ಹೆಸರಾದ ಜೆಜಿ-11 ಸುಮಾರು 95 ದಿನಗಳಲ್ಲೇ ಮುಗಿದು ಬರದಿಂದ ಪಾರಾಗುತ್ತದೆ.

ಮೇವು ಬೇಕಿದ್ದು, ಎರೆ ಆಳವಾಗಿದ್ದರೆ ನನ್ನ ಆಯ್ಕೆ ಜೋಳ, ಅದರಲ್ಲೂ ಹಿಂಗಾರಿಯ ಹಳೆಯ ತಳಿ ಮಾಲದಂಡಿ. ಬಿತ್ತನೆ ಅಕ್ಟೋಬರ್ ಕೊನೆಗೆ ಜಾರಿದ್ದರೆ ಅಥವಾ ಮಣ್ಣು ತೆಳುವಾಗಿದ್ದರೆ ಕಡಲೆಯನ್ನೇ ಹಾಕಿ. ಆಳಕ್ಕಿಳಿಯುವ ಬೇರಿಗೂ ಕೆಳಗೆ ತೇವವಿರಬೇಕು. ತೆಳು ಮಣ್ಣಿನಲ್ಲಿ ಬೇಗ ಮಾಗುವ ಗುಣವೇ ಕೈಹಿಡಿಯುತ್ತದೆ.