ಸ್ಲೀವ್ ಸರ್ಜರಿ ಆಗಿ ನಾಲ್ಕು ವರ್ಷ: ಮುದ್ದೆ ನುಂಗುತ್ತಿದ್ದವಳು ಅಗಿಯಲು ಕಲಿತದ್ದು

ನಾನು ನಾಗಮಂಗಲದ ಕಡೆಯವಳು. ಮುದ್ದೆ ಉಂಡು ಬೆಳೆದವಳು. ನಮ್ಮ ಕಡೆ ಮುದ್ದೆಯನ್ನು ಯಾರೂ ಅಗಿಯುವುದಿಲ್ಲ. ತುತ್ತು ಮುರಿದು, ಸಾರಿನಲ್ಲಿ ಹೊರಳಿಸಿ, ಒಂದೇ ಸಲಕ್ಕೆ ನುಂಗುತ್ತೇವೆ. ಅಗಿದರೆ ಹಲ್ಲಿಗೆ ಅಂಟುತ್ತೆ ಅಂತ ಚಿಕ್ಕಂದಿನಲ್ಲೇ ಹೇಳಿಕೊಟ್ಟಿರುತ್ತಾರೆ.

ತೂಕ ಇಳಿಸಲು ಹೊಟ್ಟೆ ಚಿಕ್ಕದು ಮಾಡುವ ಸ್ಲೀವ್ ಆಪರೇಷನ್ ಆಗಿ ಏಳನೇ ವಾರ. ಊರಿಗೆ ಹೋಗಿದ್ದೆ. ಅವ್ವ ಹುರುಳಿಕಾಳಿನ ಬಸ್ಸಾರು ಮಾಡಿದ್ದಳು. ಆ ವಾಸನೆಗೆ ಕೈ ತಾನಾಗೇ ಮುದ್ದೆಗೆ ಹೋಯ್ತು. ನೆಲ್ಲಿಕಾಯಿಗಿಂತ ಚಿಕ್ಕ ತುತ್ತು, ಅಭ್ಯಾಸದ ಮೇಲೆ ನುಂಗಿಬಿಟ್ಟೆ. ಅದು ಎದೆಯ ನಡುವೆ ಬಂದು ನಿಂತಿತು. ಮೇಲೂ ಬರಲಿಲ್ಲ, ಕೆಳಗೂ ಇಳಿಯಲಿಲ್ಲ. ಬಾಯಲ್ಲಿ ನೀರು ಸುರಿಯತೊಡಗಿತು, ಆಮೇಲೆ ಬಿಳೀ ನೊರೆ. ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಮುಕ್ಕಾಲು ಗಂಟೆ ನೊರೆ ಉಗುಳಿದೆ. ಅವ್ವ ಬೆನ್ನು ನೀವುತ್ತಾ 'ನೀರ್ ಕುಡಿ ಮಗ, ಇಳೀತದೆ' ಅಂದಳು. ಕುಡಿದೆ. ನೀರು ಹೋಗಲು ದಾರಿಯೇ ಇರಲಿಲ್ಲ. ಎಲ್ಲ ಒಟ್ಟಿಗೆ ವಾಪಸ್ ಬಂತು. ಅವತ್ತು ಅವ್ವ ಸೆರಗಲ್ಲಿ ಕಣ್ಣು ಒರೆಸಿಕೊಂಡದ್ದು ನನಗೆ ಇನ್ನೂ ಮರೆತಿಲ್ಲ.

ಈ ಆಪರೇಷನ್ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಮೊದಲ ಆರು ತಿಂಗಳಲ್ಲೇ ಬರೆಯುತ್ತಾರೆ. ಆಗ ತೂಕ ವಾರವಾರವೂ ಇಳಿಯುತ್ತಿರುತ್ತೆ, ಖುಷಿ ಇರುತ್ತೆ. ನನಗೆ ಈಗ ನಾಲ್ಕು ವರ್ಷ ಆಯ್ತು. ಇಳಿದದ್ದನ್ನೂ ನೋಡಿದ್ದೇನೆ, ಸ್ವಲ್ಪ ಏರಿದ್ದನ್ನೂ ನೋಡಿದ್ದೇನೆ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಲೆಕ್ಕ ಮೊದಲು ಹೇಳಿಬಿಡುತ್ತೇನೆ. 2021ರ ನವೆಂಬರ್‌ನಲ್ಲಿ ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸ್ಲೀವ್ ಮಾಡಿಸಿದೆ. ಆಗ ನನಗೆ 41 ವರ್ಷ, ತೂಕ 112 ಕೆಜಿ, ಎತ್ತರ 5 ಅಡಿ 2 ಇಂಚು, ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 45. ಸಕ್ಕರೆ ಕಾಯಿಲೆಗೆ ಎರಡು ಮಾತ್ರೆ, ಬಿಪಿಗೆ ಒಂದು. ಒಂದೂವರೆ ವರ್ಷದಲ್ಲಿ 72ಕ್ಕೆ ಇಳಿದೆ. ಮೂರನೇ ವರ್ಷ 79ಕ್ಕೆ ಏರಿದೆ. ಈಗ 76. ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆಯ ಅಳತೆ) 8.9 ಇದ್ದದ್ದು ಒಂದು ವರ್ಷಕ್ಕೆ 5.8ಕ್ಕೆ ಬಂತು. ಸಕ್ಕರೆಯ ಮಾತ್ರೆ ಎರಡೂ ನಿಂತವು. ಆರು ತಿಂಗಳಿಗೊಮ್ಮೆ ಪರೀಕ್ಷೆ ಮಾಡಿಸುವುದನ್ನು ಬಿಟ್ಟಿಲ್ಲ, ಯಾಕಂದರೆ ಸಕ್ಕರೆ ಮತ್ತೆ ಬರಬಹುದು.

ಸ್ಲೀವ್‌ನಲ್ಲಿ ಹೊಟ್ಟೆಯ ಚೀಲವನ್ನು ಉದ್ದಕ್ಕೆ ಕತ್ತರಿಸಿ, ಮುಕ್ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿಯೇ ತೆಗೆದುಬಿಡುತ್ತಾರೆ. ಬಾಳೆಹಣ್ಣಿನಂಥ ಒಂದು ಕೊಳವೆ ಉಳಿಯುತ್ತೆ. ಹಸಿವು ಹುಟ್ಟಿಸುವ ಗ್ರೆಲಿನ್ ಅನ್ನೋ ಹಾರ್ಮೋನು ಹೆಚ್ಚಾಗಿ ತಯಾರಾಗುವುದು ಆ ತೆಗೆದ ಭಾಗದಲ್ಲೇ. ಹಾಗಾಗಿ ಜಾಗವೂ ಕಮ್ಮಿ, ಹಸಿವೂ ಕಮ್ಮಿ. ತೆಗೆದದ್ದನ್ನು ಮತ್ತೆ ಸೇರಿಸಲು ಬರುವುದಿಲ್ಲ. ಸಹಿ ಹಾಕುವ ಮುಂಚೆ ಈ ಒಂದು ಮಾತನ್ನು ಎರಡು ರಾತ್ರಿ ಯೋಚಿಸಿ.

ಆಪರೇಷನ್ ಬಗ್ಗೆ ನನಗೆ ದೂರು ಇಲ್ಲ. ಎರಡು ವಾರ ಮುಂಚಿನಿಂದಲೇ ದ್ರವಾಹಾರ ಕೊಟ್ಟರು. ಲಿವರ್‌ನಲ್ಲಿ ತುಂಬಿದ ಕೊಬ್ಬು ಕರಗಿ ಅದು ಸ್ವಲ್ಪ ಕುಗ್ಗಿದರೆ ಡಾಕ್ಟರಿಗೆ ಕೆಲಸ ಸುಲಭವಂತೆ. ಹೊಟ್ಟೆಯ ಮೇಲೆ ಐದು ಚಿಕ್ಕ ತೂತು, ಮೂರು ದಿನ ಆಸ್ಪತ್ರೆ, ಅವತ್ತು ಸಂಜೆಯೇ ಎಬ್ಬಿಸಿ ನಡೆಸಿದರು. ವಿಮೆಯವರು ಕಾಗದಪತ್ರ ಮೂರು ಸಲ ಕೇಳಿದರು, ಕೊನೆಗೆ ಕೊಟ್ಟರು. ಬಿಎಂಐ 40 ಅಥವಾ ಅದಕ್ಕಿಂತ ಜಾಸ್ತಿ ಇದ್ದು, ಬೇರೆ ದಾರಿಯಲ್ಲಿ ತೂಕ ಇಳಿಯಲಿಲ್ಲ ಅಂತ ಡಾಕ್ಟರ್ ಬರೆದುಕೊಟ್ಟರೆ ವಿಮೆಗೆ ದಾರಿ ಇದೆ. ಹತೋಟಿಗೆ ಬಾರದ ಸಕ್ಕರೆ ಕಾಯಿಲೆಯಂಥದ್ದಿದ್ದರೆ 35ಕ್ಕೂ ಆಗುತ್ತೆ. ಹಳೆಯ ಚೀಟಿಗಳನ್ನು ಒಂದೂ ಬಿಸಾಕಬೇಡಿ.

ದೂರು ಇರುವುದು ಆಮೇಲಿನದರ ಬಗ್ಗೆ. ಮನೆಗೆ ಕಳಿಸುವಾಗ ಊಟದ ಪಟ್ಟಿ ಅಂತ ನಾಲ್ಕು ಹಾಳೆ ಕೊಟ್ಟರು. ಅದರಲ್ಲಿ ಓಟ್ಸ್ ಇತ್ತು, ಬ್ರೊಕೊಲಿ ಇತ್ತು, ಕಿನ್ವಾ ಇತ್ತು. ರಾಗಿ ಇರಲಿಲ್ಲ. ಉಪ್ಸಾರು, ಮಸ್ಸೊಪ್ಪು, ಅವರೆಕಾಳು ಯಾವುದೂ ಇರಲಿಲ್ಲ. 'ನಾವು ಮುದ್ದೆ ಉಣ್ಣೋರು, ಯಾವಾಗಿಂದ ತಿನ್ನಬಹುದು?' ಅಂತ ಕೇಳಿದ್ದಕ್ಕೆ ಪಟ್ಟಿ ಕೊಟ್ಟ ಡಯಟಿಷಿಯನ್ ಹುಡುಗಿ 'ನಾರ್ಮಲ್ ಡಯಟ್ ಶುರುವಾದ ಮೇಲೆ ಎಲ್ಲ ತಿನ್ನಬಹುದು ಮೇಡಂ' ಅಂದಳು. ಆ ಉತ್ತರ ನಂಬಿಕೊಂಡೇ ನಾನು ಊರಲ್ಲಿ ತುತ್ತು ನುಂಗಿದ್ದು. ಮೂರು ತಿಂಗಳಾದ ಮೇಲೆ ಅವರ ಕಡೆಯಿಂದ ಒಂದು ಫೋನೂ ಬರಲಿಲ್ಲ. ಲಕ್ಷಗಟ್ಟಲೆ ತೆಗೆದುಕೊಂಡವರು ರೋಗಿ ಏನು ಉಣ್ಣುತ್ತಾಳೆ ಅಂತ ತಿಳಿದುಕೊಳ್ಳಬೇಡವೇ? ನನಗೆ ಇದು ಈಗಲೂ ಬೇಜಾರಿನ ಸಂಗತಿ.

ಮೊದಲ ಎರಡು ತಿಂಗಳು ಹೇಗೋ ಕಳೆಯುತ್ತೆ, ಭಯಪಡಬೇಡಿ. ಮೊದಲು ನೀರು, ಎಳನೀರು, ತಿಳಿ ಬೇಳೆಕಟ್ಟು. ಆಮೇಲೆ ಮಜ್ಜಿಗೆ, ಹಾಲು, ಪ್ರೋಟೀನ್ ಪುಡಿ. ಆಮೇಲೆ ಮಿಕ್ಸಿಗೆ ಹಾಕಿದ್ದು, ಆಮೇಲೆ ಮೆತ್ತಗಿನದು. ಸಿರಪ್ ಬಾಟಲಿಯ ಜೊತೆ ಬರುತ್ತಲ್ಲ, ಆ ಚಿಕ್ಕ ಅಳತೆ ಲೋಟ, ಅದರಲ್ಲಿ ಗುಟುಕರಿಸುತ್ತಿದ್ದೆ. 30 ಮಿಲಿ ನೀರಿಗೆ ಕಾಲು ಗಂಟೆ. ಬಿಸಿಲಿಂದ ಬಂದು ಒಂದು ಚೊಂಬು ಮಜ್ಜಿಗೆ ಗಟಗಟ ಕುಡಿಯುವ ಸುಖ ಸುಮಾರು ಒಂದು ವರ್ಷ ಇರಲಿಲ್ಲ. ಊಟಕ್ಕಿಂತ ಜಾಸ್ತಿ ನೆನಪಾಗುತ್ತಿದ್ದದ್ದು ಅದೇ.

ನಿಜವಾದ ಕಷ್ಟ ಶುರುವಾಗುವುದು ಮಾಮೂಲಿ ಊಟಕ್ಕೆ ಬಂದಾಗ. ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನ್ ಹೋಗಬೇಕು ಅನ್ನುತ್ತಾರೆ. ಹೊಟ್ಟೆಯಲ್ಲಿ ಜಾಗ ಒಂದು ಚಿಕ್ಕ ಬಟ್ಟಲಿನಷ್ಟು. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಒಂದು ಲೋಟ ಹಾಲಿನಲ್ಲಿ 6-7. ನೂರು ಗ್ರಾಂ ಪನೀರ್‌ಗೆ ಸುಮಾರು 18, ಆದರೆ ಅಷ್ಟು ಪನೀರ್ ಒಂದು ಸಲಕ್ಕೆ ಇಳಿಯುವುದಿಲ್ಲ. ಅನ್ನ ಮೊದಲು ತಿಂದರೆ ಹೊಟ್ಟೆ ತುಂಬಿಹೋಗುತ್ತೆ, ಪ್ರೋಟೀನ್‌ಗೆ ಜಾಗವೇ ಉಳಿಯುವುದಿಲ್ಲ. ಹಾಗಾಗಿ ನಮ್ಮ ಊಟದ ಕ್ರಮವನ್ನೇ ತಿರುಗಿಸಿಕೊಂಡೆ. ಬಸ್ಸಾರು ಮಾಡಿದ ದಿನ ಬಸಿದ ಕಾಳು ಮತ್ತು ಸೊಪ್ಪಿನ ಪಲ್ಯವನ್ನೇ ಮೊದಲು ತಿನ್ನುತ್ತೇನೆ, ಮುದ್ದೆ ಆಮೇಲೆ. ಅವರೆಕಾಯಿ ಕಾಲದಲ್ಲಿ ಹಿತಕಿದ ಬೇಳೆ ನನ್ನ ಪಾಲಿಗೆ ಚಿನ್ನ. ಸಿಪ್ಪೆ ಇಲ್ಲ, ಮೆತ್ತಗೆ ಬೇಯುತ್ತೆ, ಸಲೀಸಾಗಿ ಇಳಿಯುತ್ತೆ. ಬಾಡಿನಲ್ಲಿ ಕೈಮ ಇಳಿಯುತ್ತೆ, ಮೀನು ಇಳಿಯುತ್ತೆ. ನಾಟಿಕೋಳಿ ತುಂಡು ಮೊದಲ ವರ್ಷ ನನಗೆ ಆಗಲೇ ಇಲ್ಲ. ಇಡ್ಲಿ ಸರಿ, ದೋಸೆ ಗರಿಗರಿ ಇದ್ದರೆ ಸರಿ. ಬ್ರೆಡ್ ಮಾತ್ರ ಮುದ್ದೆಗಿಂತ ಕೆಟ್ಟದಾಗಿ ಗಂಟುಕಟ್ಟುತ್ತೆ.

ಮುದ್ದೆಗೆ ದಾರಿ ಹುಡುಕಲು ಎಂಟು ತಿಂಗಳು ಬೇಕಾಯ್ತು. ಮೊದಲು ಅಂಬಲಿ ಮಾಡಿಕೊಂಡೆ, ಮಜ್ಜಿಗೆ ಹಾಕಿ. ಆಮೇಲೆ ನುಗ್ಗೆಸೊಪ್ಪಿನ ರಾಗಿ ರೊಟ್ಟಿ, ತೆಳ್ಳಗೆ ತಟ್ಟಿದ್ದು. ಆಮೇಲೆ ಧೈರ್ಯ ಮಾಡಿ ನಿಂಬೆಹಣ್ಣಿನ ಗಾತ್ರದ ಮುದ್ದೆ, ಸ್ವಲ್ಪ ತೆಳುವಾಗಿ ಕಟ್ಟಿದ್ದು. ಅದನ್ನು ಕಡ್ಲೆಕಾಳಿನಷ್ಟು ಚಿಕ್ಕದಾಗಿ ಮುರಿದು, ಸಾರಲ್ಲಿ ನೆನೆಸಿ, ಅಗಿದೆ. ಹೌದು, ಹಲ್ಲಿಗೆ ಅಂಟುತ್ತೆ. ಆದರೆ ಅಗಿದಾಗ ರಾಗಿ ಸಣ್ಣಗೆ ಸಿಹಿಯಾಗುತ್ತೆ ಅಂತ ನನಗೆ 42ನೇ ವಯಸ್ಸಿನಲ್ಲಿ ಗೊತ್ತಾಯ್ತು. ಇಷ್ಟು ವರ್ಷ ನಾನು ತಿನ್ನುತ್ತಿದ್ದದ್ದು ಸಾರಿನ ರುಚಿ. ರಾಗಿಯ ರುಚಿ ನೋಡಿದ್ದು ಆಗಲೇ.

ಸಾಕು ಅನ್ನುವುದನ್ನು ಗುರುತಿಸುವುದೂ ಹೊಸ ಪಾಠ. ಮುಂಚೆ ತಟ್ಟೆ ಖಾಲಿಯಾದರೆ ಊಟ ಮುಗಿಯಿತು ಅಂತ ಅರ್ಥ. ಈಗ ನನಗೆ ಮೂಗು ಸೋರಲು ಶುರುವಾಗುತ್ತೆ, ಇಲ್ಲವೇ ಒಂದು ಬಿಕ್ಕಳಿಕೆ ಬರುತ್ತೆ. ಅದೇ ಗುರುತು. ಕೆಲವರಿಗೆ ಸೀನು ಬರುತ್ತಂತೆ. ಅದಾದ ಮೇಲೆ ಇನ್ನೊಂದು ತುತ್ತು ಹಾಕಿದರೆ ಅರ್ಧ ಗಂಟೆ ಸಂಕಟ ಗ್ಯಾರಂಟಿ.

ನಾನು ಹೈಸ್ಕೂಲು ಟೀಚರ್. ಮಧ್ಯಾಹ್ನದ ಬಿಡುವು ನಲವತ್ತು ನಿಮಿಷ. ಒಂದು ಬಟ್ಟಲು ಊಟಕ್ಕೆ ನನಗೆ ಇಪ್ಪತ್ತೈದು ನಿಮಿಷ ಬೇಕು. ಊಟದ ಜೊತೆ ನೀರು ಕುಡಿಯುವಂತಿಲ್ಲ, ಆದ ಮೇಲೂ ಅರ್ಧ ಗಂಟೆ ಕಾಯಬೇಕು. ಅಂದರೆ ಊಟದ ನಂತರದ ಪೀರಿಯಡ್ಡಿಗೆ ಗಂಟಲು ಒಣಗಿಸಿಕೊಂಡೇ ಹೋಗಬೇಕು. ಹೆಡ್‌ಮಾಸ್ಟರ್‌ಗೆ ವಿಷಯ ಹೇಳಿದೆ. ಆ ಪೀರಿಯಡ್ ಬದಲಾಯಿಸಿಕೊಟ್ಟರು. ಕೆಲಸಕ್ಕೆ ಹೋಗುವವರು ನಾಚಿಕೆ ಬಿಟ್ಟು ಯಾರಾದರೂ ಒಬ್ಬರಿಗೆ ಹೇಳಿ.

ಬಡಿಸುವವರ ಕಾಟ ಬೇರೆ. ಕಾಟ ಅನ್ನಬಾರದು, ಅದು ಪ್ರೀತಿಯೇ. ಆದರೆ ನಮ್ಮ ಬೀಗರೂಟದಲ್ಲಿ ಬೇಡ ಅಂದರೆ ಯಾರೂ ನಂಬುವುದಿಲ್ಲ. ಎಲೆಯ ಮೇಲೆ ಕೈ ಅಡ್ಡ ಇಟ್ಟರೂ ಬೆರಳ ಸಂದಿಯಲ್ಲಿ ಸುರಿದು ಹೋಗುತ್ತಾರೆ. ಆಪರೇಷನ್ ಆದ ಆರನೇ ತಿಂಗಳು ನಮ್ಮ ಚಿಕ್ಕಪ್ಪನ ಮಗಳ ಬೀಗರೂಟ. 'ಏನವ್ವ, ನಮ್ಮನೆ ಊಟ ಸೇರಲ್ವಾ?' ಅಂದರು ಚಿಕ್ಕಮ್ಮ, ಮುಖ ಸಣ್ಣ ಮಾಡಿಕೊಂಡು. ಅವತ್ತು ಅವರಿಗಾಗಿ ನಾಲ್ಕು ತುತ್ತು ಜಾಸ್ತಿ ತಿಂದು, ಛತ್ರದ ಹಿಂದೆ ಹೋಗಿ ವಾಂತಿ ಮಾಡಿಕೊಂಡೆ. ಆಮೇಲಿಂದ ಒಂದು ನಿಯಮ ಮಾಡಿಕೊಂಡಿದ್ದೇನೆ. ಪಂಕ್ತಿಯಲ್ಲಿ ಕೂರುವುದಿಲ್ಲ, ಬಡಿಸಲು ನಿಲ್ಲುತ್ತೇನೆ. ಕೊನೆಯಲ್ಲಿ ಒಂದು ಚಿಕ್ಕ ತಟ್ಟೆಯಲ್ಲಿ ನಾನೇ ಹಾಕಿಕೊಂಡು ನಿಧಾನವಾಗಿ ತಿನ್ನುತ್ತೇನೆ. ಚಿಕ್ಕಮ್ಮನಿಗೂ ಎಲ್ಲ ಬಿಡಿಸಿ ಹೇಳಿದೆ. ಅವರೇ ಈಗ ಬೇರೆಯವರಿಗೆ 'ಅವಳಿಗೆ ಬಲವಂತ ಮಾಡ್ಬೇಡ್ರಿ' ಅನ್ನುತ್ತಾರೆ.

ಮಾತ್ರೆಗಳ ವಿಷಯದಲ್ಲಿ ನಾನು ತಪ್ಪು ಮಾಡಿದ್ದೇನೆ, ನೀವು ಮಾಡಬೇಡಿ. ಮಲ್ಟಿವಿಟಮಿನ್, ಬಿ12, ಕಬ್ಬಿಣ, ಕ್ಯಾಲ್ಸಿಯಂ ಸಿಟ್ರೇಟ್, ಡಿ3 ಇವು ಜೀವನಪೂರ್ತಿ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಒಟ್ಟಿಗೆ ತೆಗೆದುಕೊಳ್ಳಬಾರದು, ಎರಡು ಗಂಟೆಯಾದರೂ ಅಂತರ ಬೇಕು. ಕಬ್ಬಿಣದ ಜೊತೆ ಕಾಫಿ, ಟೀ ಬೇಡ. ಎರಡನೇ ವರ್ಷ ಆರಾಮಾಗಿದ್ದೀನಲ್ಲ ಅಂತ ನಾನು ಎಲ್ಲ ನಿಲ್ಲಿಸಿಬಿಟ್ಟೆ. ಕೆಲವು ತಿಂಗಳಿಗೆ ಅಂಗಾಲು ಜುಮ್ಮೆನ್ನಲು ಶುರುವಾಯ್ತು. ಮೆಟ್ಟಿಲು ಹತ್ತಿದರೆ ಸುಸ್ತು, ಪಾಠ ಮಾಡುವಾಗ ಮಕ್ಕಳ ಹೆಸರೇ ಮರೆತುಹೋಗುತ್ತಿತ್ತು. ಪರೀಕ್ಷೆ ಮಾಡಿಸಿದರೆ ಬಿ12 ಬರೀ 148. ಇಂಜೆಕ್ಷನ್ ಹಾಕಿಸಿಕೊಂಡು ಸರಿಹೋಗಲು ಮೂರು ತಿಂಗಳು ಹಿಡಿಯಿತು. ಹೊಟ್ಟೆ ಚಿಕ್ಕದಾದ ಮೇಲೆ ಬಿ12 ಮೊದಲಿನ ಹಾಗೆ ಮೈಗೆ ಹತ್ತುವುದಿಲ್ಲ. ಇನ್ನೊಂದು, ದಿನಗಟ್ಟಲೆ ವಾಂತಿ ನಿಲ್ಲದಿದ್ದರೆ ಮನೆಯಲ್ಲಿ ಕೂರಬೇಡಿ. ಥಯಮಿನ್ (ಬಿ1 ವಿಟಮಿನ್) ಕಮ್ಮಿಯಾಗಿ ನರಗಳಿಗೆ ಪೆಟ್ಟು ಬೀಳುತ್ತೆ.

ನಾಲ್ಕನೇ ತಿಂಗಳಲ್ಲಿ ಬಾಚಣಿಗೆ ತುಂಬ ಕೂದಲು ಬರುತ್ತಿತ್ತು. ಹತ್ತನೇ ತಿಂಗಳ ಹೊತ್ತಿಗೆ ಹಣೆಯ ಅಂಚಲ್ಲಿ ಹೊಸ ಕೂದಲು ಎದ್ದಿತು. ಅದಕ್ಕೆ ಎಣ್ಣೆ, ಶಾಂಪೂ ಅಂತ ದುಡ್ಡು ಸುರಿಯಬೇಡಿ, ಪ್ರೋಟೀನ್ ನೋಡಿಕೊಳ್ಳಿ. ಬೇಗ ತೂಕ ಇಳಿದರೆ ಪಿತ್ತಕೋಶದಲ್ಲಿ ಕಲ್ಲಾಗಬಹುದು ಅಂತ ಆರು ತಿಂಗಳು ಮಾತ್ರೆ ಕೊಟ್ಟಿದ್ದರು, ನನಗೆ ಏನೂ ಆಗಲಿಲ್ಲ. ಮಕ್ಕಳು ಬೇಕು ಅನ್ನುವವರು ಒಂದರಿಂದ ಒಂದೂವರೆ ವರ್ಷ ಕಾಯಬೇಕು. ಹೊಟ್ಟೆ, ತೋಳಿನ ಚರ್ಮ ಜೋತುಬಿದ್ದಿದೆ. ಸೆಕೆಗಾಲದಲ್ಲಿ ಮಡಿಕೆಯಲ್ಲಿ ಉರಿಯುತ್ತೆ. ಒಣ ಹತ್ತಿ ಬಟ್ಟೆ ಇಟ್ಟುಕೊಳ್ಳುತ್ತೇನೆ.

ನನಗೆ ಇನ್ನೂ ಬಗೆಹರಿಯದೆ ಉಳಿದಿರುವುದು ಹುಳಿತೇಗು. ಸ್ಲೀವ್ ಆದ ಮೇಲೆ ಎದೆಯುರಿ ಹೊಸದಾಗಿ ಬರಬಹುದು, ಇದ್ದದ್ದು ಜಾಸ್ತಿ ಆಗಬಹುದು. ರಾತ್ರಿ ಏಳೂವರೆಗೆ ಊಟ ಮುಗಿಸಿ ಹತ್ತೂವರೆಗೆ ಮಲಗುತ್ತೇನೆ, ದಿಂಬು ಎರಡು ಬೇಕೇ ಬೇಕು. ಮೊದಲೇ ಎದೆಯುರಿ ಜೋರಾಗಿದ್ದವರು ಎಂಡೋಸ್ಕೋಪಿ ಮಾಡಿಸಿ, ಸ್ಲೀವ್ ಬದಲು ಗ್ಯಾಸ್ಟ್ರಿಕ್ ಬೈಪಾಸ್ (ತೂಕ ಇಳಿಸಲು ಹೊಟ್ಟೆಗೆ ಮಾಡುವ ಇನ್ನೊಂದು ಬಗೆಯ ಆಪರೇಷನ್) ಒಳ್ಳೆಯದಾ ಅಂತ ಡಾಕ್ಟರನ್ನು ಬಾಯಿಬಿಟ್ಟು ಕೇಳಿ.

ಮೂರನೇ ವರ್ಷ ಏಳು ಕೆಜಿ ಏರಿದ್ದು ಯಾವುದರಿಂದ ಗೊತ್ತಾ? ಸ್ಟಾಫ್‌ರೂಮಿನ ಸಂಜೆ ಕಾಫಿಯ ಜೊತೆ ನಿಪ್ಪಟ್ಟು, ಖಾರಾ ಮಿಕ್ಸ್ಚರು. ಇವು ಬಾಯಲ್ಲೇ ಪುಡಿಯಾಗಿ ಸುಮ್ನೆ ಜಾರಿಹೋಗುತ್ತವೆ. ಹೊಟ್ಟೆ ತುಂಬಿದ ಹಾಗೇ ಅನ್ನಿಸುವುದಿಲ್ಲ. ಕಾಳಿನ ಪಲ್ಯ ಎಂಟು ಚಮಚಕ್ಕೆ ಸಾಕು ಅನ್ನುವ ಹೊಟ್ಟೆ, ಮಿಕ್ಸ್ಚರನ್ನು ಪೊಟ್ಟಣ ಖಾಲಿಯಾಗುವವರೆಗೂ ತೆಗೆದುಕೊಳ್ಳುತ್ತೆ. ನನಗೆ ಆಗ ಹಸಿವು ಇರಲಿಲ್ಲ. ಸುಸ್ತಾಗಿರುತ್ತಿತ್ತು, ಮನೆಯಲ್ಲಿ ಅತ್ತೆಗೆ ಹುಷಾರಿರಲಿಲ್ಲ, ಬಾಯಿ ಏನಾದರೂ ಬೇಕು ಅನ್ನುತ್ತಿತ್ತು. ಆ ಬಾಯಿಚಪಲಕ್ಕೆ ಆಪರೇಷನ್ ಇಲ್ಲ. ಈಗ ಸಂಜೆಗೆ ಬೇಯಿಸಿದ ಕಡ್ಲೆಕಾಯಿ ಡಬ್ಬಿಯಲ್ಲಿ ಒಯ್ಯುತ್ತೇನೆ. ಸುಲಿಯಬೇಕು, ಅಗಿಯಬೇಕು, ಹೊತ್ತು ಹೋಗುತ್ತೆ. ಮೂರು ಕೆಜಿ ಇಳಿಯಿತು.

ಆಪರೇಷನ್‌ಗೆ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಆಮೇಲಿನ ಆರೈಕೆಗೆ ಒಂದು, ಅಷ್ಟೇ. ಹೋಗಲೇಬೇಕು ಅಂತ ನಿರ್ಧಾರ ಮಾಡಿದ್ದರೆ ಒಂದು ಕೆಲಸ ಮಾಡಿ. ಡಯಟಿಷಿಯನ್ ಹತ್ತಿರ ಹೋಗುವ ಮುಂಚೆ ನಿಮ್ಮ ಮನೆಯ ಒಂದು ವಾರದ ಅಡುಗೆಯನ್ನು ಹಾಳೆಯಲ್ಲಿ ಬರೆದುಕೊಳ್ಳಿ. ಜೋಳದ ರೊಟ್ಟಿಯೋ, ಕುಚ್ಚಲಕ್ಕಿ ಗಂಜಿಯೋ, ಅಕ್ಕಿ ಕಡುಬೋ, ಇದ್ದದ್ದು ಇದ್ದ ಹಾಗೆ. ಪ್ರತಿಯೊಂದರ ಮುಂದೆ ಯಾವ ವಾರದಿಂದ, ಎಷ್ಟು, ಹೇಗೆ ಅಂತ ಅವರ ಕೈಯಲ್ಲೇ ಬರೆಸಿಕೊಳ್ಳಿ. ಬರೆದುಕೊಡುವವರೆಗೂ ಕುರ್ಚಿ ಬಿಟ್ಟು ಏಳಬೇಡಿ.